ಕೊಲೆಗಾರನ ಸ್ವರ್ಗಕ್ಕೂ ಜೀತದಾಳು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯಲ್ಲಿ 1968-69ರಲ್ಲಿ ಐವರನ್ನು ಕೊಂದು, ತನಗೆ ತಾನೇ 'ಜೋಡಿಯಾಕ್' ಅಂತ ಹೆಸರಿಟ್ಟುಕೊಂಡು ಪತ್ರಿಕೆಗಳಿಗೆ ಕಾಗದ ಬರೆದವನು ಯಾರು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ. ಆ ಕಾಗದಗಳನ್ನು ಮುಂದಿಟ್ಟುಕೊಂಡು ಹವ್ಯಾಸಿಗಳು ಅರ್ಧ ಶತಮಾನದಿಂದ ತಲೆ ಕೆಡಿಸಿಕೊಂಡಿದ್ದಾರೆ. ಕೊಲೆಗಾರನ ಅಕ್ಷರಕ್ಕೆ ಇಷ್ಟು ಮರ್ಯಾದೆ ಕೊಡಬೇಕೆ? ಬೇಡ ಅಂತ ಥಟ್ಟನೆ ಹೇಳೋಕೆ ನಮಗೆ ಬಾಯಿ ಬರುತ್ತಿಲ್ಲ.

1969ರ ಜುಲೈ ಕೊನೆಯಲ್ಲಿ ಅವನು ಮೂರು ಪತ್ರಿಕೆಗಳಿಗೆ ಒಂದೊಂದು ತುಂಡಿನಂತೆ 408 ಗುರುತುಗಳ ಗುಪ್ತಲಿಪಿ ಕಳಿಸಿದ. ಅಚ್ಚು ಹಾಕದಿದ್ದರೆ ಇನ್ನಷ್ಟು ಕೊಲೆ ಮಾಡ್ತೀನಿ ಅಂತ ಬೆದರಿಸಿದ. ಪತ್ರಿಕೆಗಳು ಅಚ್ಚು ಹಾಕಿದವು. ಅದನ್ನು ಒಡೆದವರು ಪೊಲೀಸರಲ್ಲ, ಸಲೀನಾಸ್ ಊರಿನ ಒಬ್ಬ ಮೇಷ್ಟ್ರು ಡೊನಾಲ್ಡ್ ಹಾರ್ಡನ್, ಅವರ ಹೆಂಡತಿ ಬೆಟ್ಟಿ. ಇಂಥವನು 'ಕೊಲ್ಲುವುದು' ಅನ್ನೋ ಮಾತು ಬರೆಯದೆ ಇರೋದಿಲ್ಲ ಅಂತ ಊಹಿಸಿದ್ದು ಆಕೆ. ಒಡೆದು ನೋಡಿದರೆ ಇದ್ದದ್ದು ಇಷ್ಟು: ಕೊಲ್ಲುವುದು ಬಲು ಮೋಜು, ತಾನು ಕೊಂದವರೆಲ್ಲ ಪರಲೋಕದಲ್ಲಿ ತನ್ನ ಗುಲಾಮರಾಗುತ್ತಾರೆ.

ಅದೇ ವರ್ಷ ನವೆಂಬರಿನಲ್ಲಿ ಕಳಿಸಿದ 340 ಗುರುತುಗಳದ್ದು ಮಾತ್ರ 51 ವರ್ಷ ಬಾಯಿ ಬಿಡಲಿಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಡೇವಿಡ್ ಒರಾಂಚಾಕ್, ಆಸ್ಟ್ರೇಲಿಯಾದ ಸ್ಯಾಮ್ ಬ್ಲೇಕ್, ಬೆಲ್ಜಿಯಂನ ಯಾರ್ಲ್ ವಾನ್ ಐಕೆ ಸೇರಿ ಅದನ್ನು ಒಡೆದರು. ಸಾಲು ಸಾಲಾಗಿ ಓದುವಂಥದ್ದಲ್ಲ, ಓರೆಯಾಗಿ ಇಳಿಯುತ್ತ ಓದಬೇಕಿತ್ತು. ಹೆಸರಿತ್ತೆ? ಇಲ್ಲ. ಮರಣದಂಡನೆಗೆ ನಾನು ಹೆದರೋದಿಲ್ಲ, ಅಲ್ಲಿ ದುಡಿಯೋಕೆ ಸಾಕಷ್ಟು ಗುಲಾಮರನ್ನು ಆಗಲೇ ಕೂಡಿಹಾಕಿದ್ದೀನಿ ಅನ್ನೋ ಅರ್ಥದ ಮಾತು.

ಅವನನ್ನು ಹುಚ್ಚ ಅಂದುಬಿಟ್ಟರೆ ಸಲೀಸು. ಆದರೆ ಸ್ವರ್ಗ ಅಂದರೆ ತಾನು ಕೂತು ಉಣ್ಣುವ, ಇನ್ನೊಬ್ಬರು ದುಡಿದು ಸಾಯುವ ಜಾಗ ಅನ್ನೋ ಕಲ್ಪನೆ ಅವನೊಬ್ಬನದೇ? ಇದನ್ನು ಗುಪ್ತಲಿಪಿಯಲ್ಲಿ ಬಚ್ಚಿಡಬೇಕಿತ್ತೆ? ನಮ್ಮಲ್ಲಿ ಮುಂದಿನ ಜನ್ಮದ ಆಸೆ ತೋರಿಸಿ ಈ ಜನ್ಮದ ಚಾಕರಿ ಮಾಡಿಸಿಕೊಂಡವರು ಬಾಯಿಬಿಟ್ಟೇ ಹೇಳಿದ್ದರು.

ಕಾಗದಗಳ ಆಚೆಗೂ ಓದಬೇಕಾದ್ದೊಂದಿದೆ. 1969ರ ಅಕ್ಟೋಬರ್ 11ರ ರಾತ್ರಿ ಟ್ಯಾಕ್ಸಿ ಓಡಿಸುತ್ತಿದ್ದ 29 ವರ್ಷದ ಪಾಲ್ ಸ್ಟೈನ್‌ನನ್ನು ಅವನು ಗುಂಡಿಟ್ಟು ಕೊಂದ. ಎದುರು ಮನೆಯ ಕಿಟಕಿಯಿಂದ ಹುಡುಗರು ನೋಡಿದರು, ಬಿಳಿಯ ಅಂತಲೇ ಹೇಳಿದರು. ಪೊಲೀಸ್ ರೇಡಿಯೋದಲ್ಲಿ ಹೋದದ್ದು 'ಕರಿಯ' ಅಂತ! ಹತ್ತಿರದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ ಬಿಳಿಯನೊಬ್ಬನನ್ನು ಪೊಲೀಸ್ ಗಾಡಿ ದಾಟಿ ಹೋಯಿತು. ಕರಿಯನನ್ನು ಹುಡುಕುತ್ತಿದ್ದವರು ಅವನನ್ನು ತಡೆಯಲಿಲ್ಲ. ಅವನೇ ಇರಬೇಕು ಅಂತ ಆಮೇಲೆ ಅನ್ನಿಸಿತು. ತಪ್ಪು ಯಾರ ಬಾಯಿಂದಲಾದರೂ ಆಗಬಹುದು, ಒಪ್ಪೋಣ. ಆದರೆ ತಪ್ಪು ಯಾವ ಕಡೆಗೆ ವಾಲುತ್ತದೆ ಅನ್ನೋದು ಕೇರಿಯಲ್ಲಿ ಹುಟ್ಟಿದ ನಮಗೆ ಹೊಸದಲ್ಲ. ಕೊಲ್ಲಿಯ ಆಚೆ ದಡದ ಓಕ್ಲೆಂಡಿನಲ್ಲಿ 1966ರಲ್ಲೇ ಕಪ್ಪು ಜನ ಪೊಲೀಸರ ದಬ್ಬಾಳಿಕೆಗೆ ಎದುರಾಗಿ ಬ್ಲ್ಯಾಕ್ ಪ್ಯಾಂಥರ್ ಕಟ್ಟಿದ್ದರು. 1972ರಲ್ಲಿ ಮುಂಬಯಿಯ ದಲಿತ ಹುಡುಗರು 'ಪ್ಯಾಂಥರ್' ಅನ್ನೋ ಹೆಸರು ತಂದದ್ದು ಅಲ್ಲಿಂದಲೇ.

ಹವ್ಯಾಸಿಗಳ ಮೇಲೂ ನಮಗೊಂದು ತಕರಾರಿದೆ. ಲಿಪಿ ಒಡೆಯೋದು ಬೇರೆ, ಮನುಷ್ಯನ ಕಡೆ ಬೆರಳು ಮಾಡೋದು ಬೇರೆ. ವರ್ಷಗಟ್ಟಲೆ ಒಬ್ಬನನ್ನೇ ಕೊಲೆಗಾರ ಅಂದರು. ಮೊಕದ್ದಮೆಯೇ ಇಲ್ಲದೆ ಅವನು 1992ರಲ್ಲಿ ಸತ್ತ. ಲಿಪಿ ತಪ್ಪು ಓದಿದರೆ ಅಳಿಸಿ ಮತ್ತೆ ಬರೆಯಬಹುದು.

1970ರ ಏಪ್ರಿಲಿನ ಕಾಗದದಲ್ಲಿ ತನ್ನ ಹೆಸರು ಅಂತ ಅವನು ಬರೆದ 13 ಗುರುತುಗಳ ಹಿಂದೆ ಈಗಲೂ ಜನ ಬಿದ್ದಿದ್ದಾರೆ. ಬೀಳಲಿ. ಆ ರಾತ್ರಿ ಹುಡುಗರು ಹೇಳಿದ 'ಬಿಳಿಯ' ರೇಡಿಯೋಗೆ ಹೋಗುವಷ್ಟರಲ್ಲಿ 'ಕರಿಯ' ಆದದ್ದು ಹೇಗೆ ಅಂತ ಇಷ್ಟೇ ಪಟ್ಟು ಹಿಡಿದು ಕೂತವರು ಎಷ್ಟು ಮಂದಿ?