ಕಸದ ಹೊಣೆಯೂ ಶಾಲೆಯ ಪಾಠವೂ

ಸಂಸ್ಕೃತದ ಒಂದೇ ಧಾತುವಿನಿಂದ ಹುಟ್ಟಿದ ಎರಡು ಮಾತುಗಳು ಕನ್ನಡದಲ್ಲಿ ನೆಲೆಗೊಂಡಿವೆ: ತ್ಯಾಗ ಮತ್ತು ತ್ಯಾಜ್ಯ. ಎರಡರಲ್ಲಿಯೂ ಬಿಡುವುದೆಂಬ ಕ್ರಿಯೆಯೇ ಇರುವುದಾದರೂ ಅವುಗಳ ಧರ್ಮವು ಬೇರೆ. ತ್ಯಾಗಿಯು ತನಗೆ ಪ್ರಿಯವಾದುದನ್ನು ಪರರ ಹಿತಕ್ಕಾಗಿ ಬಿಡುತ್ತಾನೆ. ಕಸವನ್ನು ಬೀದಿಗೆ ಚೆಲ್ಲುವವನು ತನಗೆ ಬೇಡವಾದುದನ್ನು ಪರರ ಪಾಲಿಗೆ ಬಿಡುತ್ತಾನೆ. ಮೊದಲನೆಯದರಲ್ಲಿ ಭಾರವು ಬಿಡುವವನ ಮೇಲೆ, ಎರಡನೆಯದರಲ್ಲಿ ಇನ್ನಾರದೋ ಹೆಗಲಿನ ಮೇಲೆ. ಈ ‘ಇನ್ನಾರೋ’ ಯಾರೆಂದು ವಿಚಾರಿಸದಿರುವವರೆಗೆ ಕಸದ ಪ್ರಶ್ನೆಯು ಬರಿಯ ನೈರ್ಮಲ್ಯದ ಪ್ರಶ್ನೆಯಾಗಿ ತೋರುವುದು. ವಿಚಾರಿಸಿದೊಡನೆ ಅದು ನ್ಯಾಯದ ಪ್ರಶ್ನೆಯಾಗುವುದು.

ಈಚೆಗೆ ಶಾಲೆಗಳಲ್ಲಿ ‘ಆವರ್ತಕ ಅರ್ಥವ್ಯವಸ್ಥೆ’ ಎಂಬ ಮಾತು ಕೇಳಬರುತ್ತಿದೆ. ಅಗೆದು ತೆಗೆ, ಮಾಡು, ಬಳಸು, ಬಿಸಾಡು ಎಂಬ ನೇರವಾದ ದಾರಿಯನ್ನು ಬಾಗಿಸಿ, ವಸ್ತುವು ಮತ್ತೆ ಮತ್ತೆ ಬಳಕೆಗೆ ಬರುವಂತೆ ಮಾಡುವುದೇ ಇದರ ತಾತ್ಪರ್ಯ. ಅರ್ಥಶಾಸ್ತ್ರಜ್ಞನಾದ ಕೆನ್ನೆತ್ ಬೋಲ್ಡಿಂಗನು 1966ರಲ್ಲಿ ಭೂಮಿಯನ್ನು ಆಕಾಶದಲ್ಲಿ ಸಾಗುವ ನೌಕೆಗೆ ಹೋಲಿಸಿ, ನೌಕೆಯ ಉಗ್ರಾಣವು ಅಳತೆಯುಳ್ಳದ್ದು, ಕಸವನ್ನು ಚೆಲ್ಲಲು ಅದಕ್ಕೆ ಹೊರಗೆಂಬುದೇ ಇಲ್ಲ ಎಂಬ ತತ್ತ್ವವನ್ನು ತೋರಿಸಿದನು. ಮಾತು ಹೊಸದಾದರೂ ನಡತೆಯು ಈ ನಾಡಿಗೆ ಹೊಸದಲ್ಲ. ಹಳೆಯ ಸೀರೆಯು ಕೌದಿಯಾಯಿತು. ಒಲೆಯ ಬೂದಿಯು ಪಾತ್ರೆಯನ್ನು ಬೆಳಗಿತು. ಕೊಟ್ಟಿಗೆಯ ಕಸವು ತಿಪ್ಪೆಯಲ್ಲಿ ಕಳಿತು ಹೊಲಕ್ಕೆ ಹೋಯಿತು. ಆಲ್ಬರ್ಟ್ ಹೋವರ್ಡನು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಸಸ್ಯದ ಕಸ, ಸಗಣಿ, ಗಂಜಲ ನೆನೆದ ಮಣ್ಣು, ಬೂದಿ ಇವುಗಳನ್ನು ಪದರ ಪದರವಾಗಿ ಒಟ್ಟಿ ಮಗುಚಿ ಗೊಬ್ಬರಮಾಡುವ ಕ್ರಮವನ್ನು ಶಾಸ್ತ್ರಕ್ಕೆ ಅಳವಡಿಸಿದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ಪಟ್ಟಣದ ಕಸವನ್ನೂ ಮಲವನ್ನೂ ಗುಣಿಗಳಲ್ಲಿ ಪದರವಾಗಿ ತುಂಬಿ ಮುಚ್ಚುವ ಕ್ರಮವನ್ನು ರೂಪಿಸಿದರು. ಅದಕ್ಕೆ ಇಂದಿಗೂ ಬೆಂಗಳೂರು ವಿಧಾನವೆಂದೇ ಹೆಸರು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿಂದಿನವರು ಏನನ್ನೂ ವ್ಯರ್ಥಮಾಡುತ್ತಿರಲಿಲ್ಲವೆಂದು ಹೊಗಳಿ ಪಾಠವನ್ನು ಮುಗಿಸಿದರೆ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಆ ಚಕ್ರವು ತಾನಾಗಿ ತಿರುಗುತ್ತಿರಲಿಲ್ಲ. ಊರಿನ ಮಲವನ್ನು ಹೊತ್ತವರು, ಸತ್ತ ದನವನ್ನು ಎಳೆದವರು, ಬೀದಿಯನ್ನು ಗುಡಿಸಿದವರು ಆ ಕೆಲಸವನ್ನು ಆರಿಸಿಕೊಂಡವರಲ್ಲ. ಹುಟ್ಟಿನಿಂದ ಅದಕ್ಕೆ ಕಟ್ಟುಬಿದ್ದವರು. ಊರು ಅವರ ಕೈಯಿಂದ ಶುಚಿಯಾಗಿ ಅವರನ್ನೇ ಅಶುಚಿಗಳೆಂದು ಕರೆಯಿತು. ಮಲ ಹೊರಿಸುವುದನ್ನು ನಿಷೇಧಿಸಲು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಶಾಸನಮಾಡಬೇಕಾಯಿತೆಂಬುದೇ ಆ ಕಟ್ಟು ಎಷ್ಟು ಬಿಗಿಯಾದುದೆಂಬುದಕ್ಕೆ ಸಾಕ್ಷಿ. ವಸ್ತುವಿಗೆ ಮರುಜನ್ಮವನ್ನು ಕೊಟ್ಟು ಮನುಷ್ಯನ ಬಾಳನ್ನು ಕಸಮಾಡುವ ವ್ಯವಸ್ಥೆಯು ಎಷ್ಟೇ ಮಿತವ್ಯಯದ್ದಾದರೂ ಧರ್ಮ್ಯವೆನಿಸದು.

ಇಂದಿನ ನಗರದಲ್ಲಿ ಈ ಅನ್ಯಾಯವು ರೂಪವನ್ನು ಬದಲಿಸಿದೆ. 2012ರಲ್ಲಿ ಮಾವಳ್ಳಿಪುರದ ಕಸದ ತಾಣವು ಮುಚ್ಚಲ್ಪಟ್ಟಾಗ ಬೆಂಗಳೂರಿನ ಬೀದಿಗಳಲ್ಲಿ ಕಸದ ರಾಶಿಗಳು ಎದ್ದವು. ಭಾರವು ಮಂಡೂರಿನ ಮೇಲೆ ಬಿತ್ತು. ಆ ಊರಿನವರು 2014ರಲ್ಲಿ ದಾರಿಗೆ ಅಡ್ಡ ನಿಂತ ಮೇಲೆ, ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಮಂಡೂರಿನವರು ಮಾಡಿದ ತಪ್ಪಾದರೂ ಏನು? ಪೇಟೆಯವರು ಉಂಡ ಊಟದ ಎಂಜಲನ್ನು ಅವರು ಬೇಡಿರಲಿಲ್ಲ. ನಗರದ ಬಾಗಿಲಿನಲ್ಲಿ ಕಸವು ಕಣ್ಮರೆಯಾದ ಕ್ಷಣವೇ ಅದು ಇನ್ನೊಬ್ಬರ ಬಾವಿಯ ಬಳಿ ಪ್ರತ್ಯಕ್ಷವಾಗುವುದು.

ಆದುದರಿಂದ ವಿಚಾರಿಸತಕ್ಕ ಪ್ರಶ್ನೆಯಿದು: ವಸ್ತುವಿನ ಒಡೆತನವು ಎಲ್ಲಿಗೆ ಮುಗಿಯುವುದು? ಬೆಲೆ ಕೊಟ್ಟವನಿಗೆ ಬಳಸುವ ಹಕ್ಕು ಉಂಟು. ಬಳಸಿಯಾದ ಮೇಲೆ ಬೇಕೆಂದಲ್ಲಿ ಬಿಡುವ ಹಕ್ಕನ್ನು ಆ ಬೆಲೆಯು ಕೊಡುವುದೆ? ಹಾಗೆ ಕೊಡಬೇಕಾದರೆ ಮಂಡೂರಿನವರ ನಷ್ಟವೂ ಬೆಲೆಯಲ್ಲಿ ಸೇರಿರಬೇಕಾಗಿತ್ತು, ಅದು ಸೇರಿಲ್ಲ. ಆ ತೀರದ ಬಾಕಿಯು ಋಣ. ಋಣವನ್ನು ತೀರಿಸದೆ ಹೋಗಬಾರದೆಂಬುದು ಈ ದೇಶದ ಅತಿ ಹಳೆಯ ನೀತಿಗಳಲ್ಲಿ ಒಂದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕರಗದ, ಕೊಳೆಯದ ಹೊದಿಕೆಗಳನ್ನು ಲೆಕ್ಕವಿಲ್ಲದೆ ಮಾಡಿ ಮಾರುವವರನ್ನು ಬಿಟ್ಟು ಮಕ್ಕಳಿಗೆ ಬುದ್ಧಿ ಹೇಳುವುದೇಕೆಂಬುದು ಮೊದಲನೆಯದು. ಇದರಲ್ಲಿ ಸತ್ಯವುಂಟು. ತಯಾರಕನ ಹೊಣೆಯು ಬಳಕೆದಾರನ ಹೊಣೆಗಿಂತ ದೊಡ್ಡದು. ಅದನ್ನು ಮುಚ್ಚಿಡುವ ಪಾಠವು ಪಾಠವಲ್ಲ. ಆದರೆ ಒಬ್ಬನ ಸಾಲವು ದೊಡ್ಡದೆಂದು ಇನ್ನೊಬ್ಬನ ಸಾಲವು ರದ್ದಾಗದು. ಎರಡನೆಯದು, ಮಕ್ಕಳು ಶಾಲೆಗೆ ಬರುವುದು ಓದಲಿಕ್ಕೇ ಹೊರತು ಗುಡಿಸಲಿಕ್ಕಲ್ಲ ಎಂಬುದು. ಈ ಮಾತನ್ನು ಬಡವರ ಮಗುವಿನ ತಂದೆಯು ಆಡಿದಾಗ ತಲೆಬಾಗಿ ಕೇಳಬೇಕು. ಏಕೆಂದರೆ ಪೊರಕೆಯು ಯಾವ ಮಕ್ಕಳ ಕೈಗೆ ಮೊದಲು ಬರುವುದೆಂಬುದನ್ನು ಅವನು ಬಲ್ಲನು. ಪರಿಹಾರವು ಸರದಿಯಲ್ಲಿದೆ. ಉಪಾಧ್ಯಾಯರೂ ಮುಖ್ಯೋಪಾಧ್ಯಾಯರೂ ಸೇರಿ ಎಲ್ಲರ ಹೆಸರೂ ಪಟ್ಟಿಯಲ್ಲಿರಬೇಕು. ಅದನ್ನು ಎಂದಿಗೂ ಶಿಕ್ಷೆಯಾಗಿ ವಿಧಿಸಬಾರದು. 1901ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಗಾಂಧಿಯವರು ತಾವೇ ಪೊರಕೆ ಹಿಡಿದು ಕಕ್ಕಸನ್ನು ಶುಚಿಮಾಡಿದರು. ಕೈಕೆಲಸದ ಮೂಲಕ ವಿದ್ಯೆಯೆಂಬ ಅವರ ಯೋಜನೆಯು 1937ರ ವಾರ್ಧಾ ಸಮ್ಮೇಳನದಲ್ಲಿ ಚರ್ಚಿತವಾಯಿತು. ಎರಡರ ಹಿಂದೆಯೂ ಇದ್ದ ಭಾವವು ಒಂದೇ.

ಇಂಥ ಪಾಠಕ್ಕೆ ಹೆಚ್ಚಿನ ಸಾಮಗ್ರಿ ಬೇಡ. ಒಂದು ವಾರ ಶಾಲೆಯ ಕಸವನ್ನು ತೂಗಿ ಬರೆದಿಡಲಿ, ಅದು ಗಣಿತ. ಅಂಗಳದ ಎಲೆಯೂ ಬಿಸಿಯೂಟದ ತರಕಾರಿ ಸಿಪ್ಪೆಯೂ ಗುಣಿಯಲ್ಲಿ ಹೇಗೆ ಕಾವೇರಿ ಮಣ್ಣಾಗುವುವೆಂದು ನೋಡಲಿ, ಅದು ವಿಜ್ಞಾನ. ಹರಿದ ಚೀಲವನ್ನು ಹೊಲಿಯಲಿ. ಊರಿನ ಕಸವನ್ನು ಒಯ್ಯುವವರನ್ನು ಕರೆದು, ಗೌರವದಿಂದ ಕೂರಿಸಿ, ಅವರ ಮಾತನ್ನು ಕೇಳಲಿ, ಅದು ಸಮಾಜಶಾಸ್ತ್ರ. ಎಲ್ಲವನ್ನೂ ಮರಳಿ ಬಳಸಬಹುದೆಂಬ ಭ್ರಮೆಯನ್ನು ಮಾತ್ರ ಮಕ್ಕಳಲ್ಲಿ ಹುಟ್ಟಿಸಬಾರದು. ಗಾಜನ್ನು ಎಷ್ಟು ಸಲವಾದರೂ ಕರಗಿಸಬಹುದು. ಕಾಗದದ ನಾರು ಸಲಸಲಕ್ಕೂ ಗಿಡ್ಡವಾಗುವುದು. ಪ್ಲಾಸ್ಟಿಕ್ಕಿನ ಗುಣವು ಸಾಮಾನ್ಯವಾಗಿ ಇಳಿಯುವುದು. ಜಪಾನಿನ ಕಾಮಿಕಾತ್ಸು ಎಂಬ ಸಣ್ಣ ಊರು 2020ರೊಳಗೆ ಕಸವಿಲ್ಲದ ಊರಾಗುವೆನೆಂದು 2003ರಲ್ಲಿ ಸಂಕಲ್ಪಿಸಿತು. ಜನರು ಕಸವನ್ನು 45 ಬಗೆಯಾಗಿ ವಿಂಗಡಿಸಿದರು. ನೂರಕ್ಕೆ ಸುಮಾರು 80 ಪಾಲು ಮರುಬಳಕೆಗೆ ಬಂದಿತು. ಉಳಿದುದು ಉಳಿಯಿತು, ಅದನ್ನು ಮರಳಿ ಬಳಸುವಂತೆ ಯಾರೂ ಮಾಡಿರಲಿಲ್ಲ. ಆದಕಾರಣ ವಿಂಗಡಿಸುವುದಕ್ಕಿಂತ ಮೊದಲು ಬರತಕ್ಕ ಪಾಠವು, ಬೇಡವಾದುದನ್ನು ಕೊಳ್ಳದಿರುವುದು.

ಇಷ್ಟರಿಂದ ಊರು ಕೂಡಲೇ ಶುಚಿಯಾಗುವುದೆಂದು ಹೇಳಲಾಗದು. ಆದರೆ ಹೀಗೆ ಕಲಿತ ಮಗುವು ಕೈಯಲ್ಲಿರುವುದನ್ನು ಬಿಸಾಡುವ ಮೊದಲು, ಇದನ್ನು ಎತ್ತುವವರು ಯಾರು ಎಂದು ಒಮ್ಮೆ ನೆನೆಯುವುದು. ತ್ಯಾಜ್ಯದಿಂದ ತ್ಯಾಗದ ಕಡೆಗೆ ಇಡಬಹುದಾದ ಮೊದಲ ಹೆಜ್ಜೆಯು ಆ ನೆನಹೇ ಆಗಿದೆ.