ಮನೆ ಮಾರಿ ಮುದ್ರಣಾಲಯ ಇಟ್ಟವರು



ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಿನಂತಿ ಇದೆ (2 ತಿಮೊ. 4:13). ಅದರ ಮೇಲೆ ಪ್ರಬೋಧನೆ ಕೇಳಿದವರು ನಿಮ್ಮಲ್ಲಿ ಕಡಿಮೆ. ಪೌಲರು ಸೆರೆಮನೆಯಲ್ಲಿದ್ದಾರೆ. ಸಾವು ಹತ್ತಿರವಿದೆ, ಚಳಿಗಾಲ ಬರುತ್ತಿದೆ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟು ಬಂದ ಮೇಲಂಗಿಯನ್ನು ತರಲು ಹೇಳುತ್ತಾರೆ. ಜೊತೆಗೆ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಸುರುಳಿಗಳನ್ನೂ ಕೇಳುತ್ತಾರೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ದೇಹ, ಆತ್ಮ ಎಂದು ನಮಗೆ ಬೇರೆ ಬೇರೆ ಪಾಠಗಳಿದ್ದವು. ಪ್ರೇಷಿತರು ಒಂದೇ ವಾಕ್ಯದಲ್ಲಿ ಎರಡನ್ನೂ ಮುಗಿಸಿಬಿಟ್ಟರು.

ಈ ಮಾತನ್ನು ಓದುವಾಗಲೆಲ್ಲ ನನಗೆ ನಮ್ಮ ಜಿಲ್ಲೆಯ ಒಬ್ಬ ವಕೀಲರು ನೆನಪಾಗುತ್ತಾರೆ. ಅವರು ನಮ್ಮ ಧರ್ಮಸಭೆಯವರಲ್ಲ. ಬಸವಣ್ಣನವರ ದಾರಿಯಲ್ಲಿ ನಡೆದ ಶರಣರು. ಡಾ. ಫ. ಗು. ಹಳಕಟ್ಟಿ ಎಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಿರಿಯರಿಗೆ ಬೇರೆ ಪರಿಚಯ ಬೇಡ. ಮಕ್ಕಳಿಗೆ ಬೇಕಾದೀತು. ಅವರು ಹುಟ್ಟಿದ್ದು 1880ರ ಜುಲೈ 2ರಂದು ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮಗ ಕಾಲೇಜು ಓದಿದ್ದು ಮುಂಬಯಿಯಲ್ಲಿ, ಯೇಸುಸಭೆಯ ಗುರುಗಳು 1869ರಲ್ಲಿ ಆರಂಭಿಸಿದ ಸಂತ ಝೇವಿಯರ್ ಕಾಲೇಜಿನಲ್ಲಿ. ನಾವು ಇದಕ್ಕಾಗಿ ಹೆಚ್ಚು ಬೀಗಬೇಕಾಗಿಲ್ಲ. ಆದರೂ ಕೇಳಲು ಸಂತೋಷವೇ. 1904ರಲ್ಲಿ ಕಾನೂನು ಪದವೀಧರರಾಗಿ ವಿಜಾಪುರಕ್ಕೆ ಬಂದು ವಕೀಲಿ ಹಿಡಿದರು.

ವಕೀಲಿ ಚೆನ್ನಾಗಿ ನಡೆಯಿತು. ಅಷ್ಟಕ್ಕೇ ನಿಂತಿದ್ದರೆ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಬಹುದಿತ್ತು. ಅವರು ಕಟ್ಟಿದ್ದು ಬೇರೆ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ ಹುಟ್ಟಲು ಮುಂದಾಳಾದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ನಗರಸಭೆಯ ಕೆಲಸ ಮಾಡಿದರು, ಮುಂಬಯಿ ಶಾಸನಸಭೆಯಲ್ಲೂ ಕುಳಿತರು. ಮಳೆ ಕೈಕೊಟ್ಟರೆ ಜೋಳದ ಹೊಲವೆಲ್ಲ ಬಿರುಕು ಬಿಡುವ ಈ ನಾಡಿನಲ್ಲಿ ಸಾಲ ಎಂದರೆ ಏನು, ಶಾಲೆ ಇಲ್ಲದ ಹಳ್ಳಿ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ರೈತನ ಮಗ ಓದಬೇಕು, ರೈತ ಸಾಹುಕಾರನ ಬಾಗಿಲಲ್ಲಿ ನಿಲ್ಲಬಾರದು. ಇವೆರಡೂ ಅವರಿಗೆ ಒಂದೇ ಕೆಲಸದ ಎರಡು ಕೈಗಳಾಗಿದ್ದವು.

ಆದರೆ ನಾಡು ಅವರನ್ನು ನೆನೆಯುವುದು ತಾಳೆಗರಿಗಳಿಗಾಗಿ. ರಬಕವಿಯ ಒಂದು ಮನೆಯಲ್ಲಿ ಕಂಡ ಹಳೆಯ ಓಲೆಯ ಕಟ್ಟು ಅವರನ್ನು ಹಿಡಿದುಬಿಟ್ಟಿತು. ಆ ಕಾಲಕ್ಕೆ ವಚನಗಳು ಮಠಗಳಲ್ಲಿ, ಮನೆಗಳ ಜಗಲಿಗಳಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿದ್ದವು. ಪೂಜೆ ಆಗುತ್ತಿತ್ತು, ಓದುವವರಿರಲಿಲ್ಲ. ಕೆಲವನ್ನು ಹುಳು ತಿಂದಿತ್ತು. ಹಳಕಟ್ಟಿಯವರು ಊರೂರು ತಿರುಗಿ ಕೇಳಿದರು, ಬೇಡಿದರು, ಪ್ರತಿ ಮಾಡಿಕೊಂಡರು. ಓಲೆಯ ಬರಹದಲ್ಲಿ ಪದ ಪದಕ್ಕೆ ನಡುವೆ ಬಿಡುವು ಇರುವುದಿಲ್ಲ. ಒಂದು ಪ್ರತಿಯ ಪಾಠ ಇನ್ನೊಂದಕ್ಕೆ ಕೂಡುವುದಿಲ್ಲ. ವಚನದ ಕೊನೆಯ ಅಂಕಿತ ನೋಡಿ ಇದು ಯಾರದು ಎಂದು ಗುರುತಿಸಬೇಕು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಹೀಗೆ. ಅಂಕಿತ ಹರಿದುಹೋಗಿದ್ದರೆ ಸಹಿ ಇಲ್ಲದ ಕಾಗದದಂತೆ. ಕೋರ್ಟಿನ ಕೆಲಸ ಮುಗಿಸಿ ಇದನ್ನೆಲ್ಲ ಮಾಡಬೇಕಿತ್ತು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಹೊರಗೆ ಅಚ್ಚು ಹಾಕಿಸುವುದು ಸಾಗದೆಂದು 1925ರಲ್ಲಿ ವಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ಇಟ್ಟರು. ಅದಕ್ಕೆ ಇದ್ದ ಮನೆಯನ್ನು ಮಾರಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, ಆಮೇಲೆ ‘ನವಕರ್ನಾಟಕ’ ವಾರಪತ್ರಿಕೆ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಮನೆ ಮಾರಿದ ಸಂಗತಿಯನ್ನು ಭಾಷಣಗಳಲ್ಲಿ ನಾವು ಒಂದೇ ಉಸಿರಿನಲ್ಲಿ ಹೇಳಿ, ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತೇವೆ. ಆ ಮನೆಯಲ್ಲಿ ಪತ್ನಿ ಭಾಗೀರಥಿಬಾಯಿ ಇದ್ದರು, ಮಕ್ಕಳಿದ್ದರು. ಸನ್ಮಾನದ ಶಾಲು ಒಬ್ಬರ ಹೆಗಲಿಗೆ ಬೀಳುತ್ತದೆ. ಬಾಡಿಗೆ ಮನೆಯ ಸಂಸಾರ ಇನ್ನೊಬ್ಬರ ತಲೆಗೆ. ತನ್ನ ಮನೆಯವರನ್ನು ನೋಡಿಕೊಳ್ಳದವನು ಅವಿಶ್ವಾಸಿಗಿಂತ ಕಡೆ ಎಂದು ಪೌಲರು ಅದೇ ತಿಮೊಥೇಯನಿಗೆ ಮೊದಲ ಪತ್ರದಲ್ಲಿ ಬರೆದಿದ್ದಾರೆ (5:8). ಹಾಗಾದರೆ ಹಳಕಟ್ಟಿಯವರು ಮಾಡಿದ್ದು ಸರಿಯೇ? ಮದುವೆಯ ಮೇಜಿನ ಮುಂದೆ ಇಬ್ಬರೂ ಒಂದಾಗುತ್ತಾರೆಂದು ನಂಬುವ ನಾವು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಆ ಮನೆಯನ್ನು ಒಬ್ಬರು ಮಾರಲಿಲ್ಲ. ತ್ಯಾಗದ ಲೆಕ್ಕವನ್ನು ಬರೆಯುವುದಾದರೆ ಎರಡು ಹೆಸರು ಬರೆಯಬೇಕು. ಕುಡಿತಕ್ಕೆ, ಜೂಜಿಗೆ ಮನೆ ಹೋಗುವುದನ್ನು ಪಾಪನಿವೇದನೆಯ ಪೀಠದ ಹೊರಗೂ ಸಾಕಷ್ಟು ನೋಡಿದ್ದೇವೆ. ಇದು ಆ ಜಾತಿಯದಲ್ಲ. ಆದರೂ ಖರ್ಚು ಖರ್ಚೇ.

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥವರಿದ್ದಾರೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಪಾಲನಾ ಸಮಿತಿ, ಧರ್ಮೋಪದೇಶ, ಎಲ್ಲದಕ್ಕೂ ಓಡಾಡುವವರು. ಅವರ ಮನೆಗೆ ಆಶೀರ್ವಾದಕ್ಕೆ ಹೋದಾಗ ಮನೆಯಾಕೆ ಚಹಾ ಕೊಡುತ್ತಾ, “ಊರಿಗೆಲ್ಲಾ ಅವರೇ ಬೇಕರಿ ಫಾದರ್, ಮನೀಗೆ ಮಾತ್ರ ಸಿಗೂದಿಲ್ಲ” ಎನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ. ಆ ನಗುವಿನೊಳಗಿನದನ್ನು ಗಂಡಂದಿರು ಕೇಳಿಸಿಕೊಳ್ಳಲಿ. ಗುರುಗಳಾದ ನಾವೂ, ಇನ್ನೊಂದು ಸಭೆಗೆ ಅವರನ್ನೇ ಕರೆಯುವ ಮೊದಲು.

ಯೇಸುಸ್ವಾಮಿ ಐದು ರೊಟ್ಟಿಗಳಿಂದ ಜನರನ್ನು ತೃಪ್ತಿಪಡಿಸಿದ ಮೇಲೆ, ಉಳಿದ ಚೂರುಗಳು ಹಾಳಾಗದಂತೆ ಒಟ್ಟುಗೂಡಿಸಲು ಶಿಷ್ಯರಿಗೆ ಹೇಳಿದರು (ಯೊವಾ. 6:12). ಹನ್ನೆರಡು ಬುಟ್ಟಿ ತುಂಬಿತು. ಅದ್ಭುತ ಮಾಡಬಲ್ಲವರಿಗೆ ಚೂರುಗಳ ಚಿಂತೆ ಏಕೆ? ಕೊಟ್ಟದ್ದು ದೇವರಾದ್ದರಿಂದ. ಶರಣರ ಮಾತುಗಳ ಚೂರುಗಳನ್ನು ಹಳಕಟ್ಟಿಯವರು ಹಾಗೆ ಆಯ್ದರು. ಹೆಸರು ತಿಳಿದಿದ್ದ ವಚನಕಾರರು ಐವತ್ತರಷ್ಟು ಇದ್ದದ್ದು ಅವರ ಹುಡುಕಾಟದಿಂದ ಇನ್ನೂರೈವತ್ತರ ಹತ್ತಿರ ಬಂದಿತು. ಅವರಲ್ಲಿ ಅಂಬಿಗರು, ಮಡಿವಾಳರು, ಕಾಯಕದ ಹೆಣ್ಣುಮಕ್ಕಳು ಇದ್ದಾರೆ. ಇಂಥವರ ಬಾಯಲ್ಲಿ ಬಂದ ಸತ್ಯವನ್ನು ಕಂಡರೆ ಕ್ರೈಸ್ತನು ಮುಖ ತಿರುಗಿಸಬೇಕಿಲ್ಲ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಸಾರಿತು.

ಅದಕ್ಕೆ ಒಂದು ವರ್ಷ ಮೊದಲು, 1964ರ ಜೂನ್ ಕೊನೆಯಲ್ಲಿ, ನಾವು ಸಂತ ಪೇತ್ರ ಪೌಲರ ಹಬ್ಬ ಆಚರಿಸುವ ದಿನಗಳಲ್ಲಿ, ಹಳಕಟ್ಟಿಯವರು ತೀರಿಕೊಂಡಿದ್ದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತ್ತು. ಅವರ ಕೆಲಸವನ್ನು ಮುಂದೆ ಹೊತ್ತವರಲ್ಲಿ ಒಬ್ಬರು ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿ, ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಇಂಡಿ ಕಡೆಯ ಹಲಸಂಗಿಯ ಗೆಳೆಯರು ಹೀಗೆಯೇ ಬೀಸುವ ಕಲ್ಲಿನ ಮುಂದಿನ ಹೆಂಗಸರ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅವರ ಬಗ್ಗೆ ಇನ್ನೊಮ್ಮೆ ಬರೆಯುವೆ.

ನವೆಂಬರಿನಲ್ಲಿ ಮೃತರ ಸ್ಮರಣೆಗೆ ನೀವು ಹೆಸರುಗಳ ಚೀಟಿ ಕೊಡುತ್ತೀರಿ. ಈ ಸಲ ಹೆಸರಿನ ಕೆಳಗೆ ಆ ಅಜ್ಜ ಅಥವಾ ಅಜ್ಜಿ ಬದುಕಿನಲ್ಲಿ ಏನು ಮಾಡಿದರು ಎಂದು ಎರಡು ಸಾಲು ಬರೆದು ತನ್ನಿ. ಮನೆಯಲ್ಲಿ ಹಳೆಯ ಕೀರ್ತನೆಯ ನೋಟುಬುಕ್ಕು, ಜಪದ ಪುಸ್ತಕ ಇದ್ದರೆ ಅದನ್ನೂ ತನ್ನಿ. ಪ್ರತಿ ಮಾಡಿಕೊಂಡು ಮರಳಿ ಕೊಡುತ್ತೇವೆ. ಚೀಟಿಯಲ್ಲಿ ಜಾಗ ಸಾಲದಿದ್ದರೆ ಹಿಂಬದಿಯಲ್ಲೂ ಬರೆಯಬಹುದು.