ಆಕಾಶದ ಕಲ್ಲು ಯಾರ ಹಣೆಬರಹ?

ಆಕಾಶದಿಂದ ಬೀಳುವ ಕಲ್ಲಿಗೆ ಜಾತಿಯಿಲ್ಲ, ಗಡಿಯಿಲ್ಲ. ಬಂಗಲೆ, ಗುಡಿಸಲು ಅಂತ ನೋಡಿ ಅದು ಬೀಳೋದಿಲ್ಲ. ಅದರ ಮುಂದೆ ಎಲ್ಲರೂ ಸಮಾನರು ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪೋಣವೆ?

2024ರ ಡಿಸೆಂಬರ್ 27ರಂದು ಚಿಲಿ ದೇಶದ ದೂರದರ್ಶಕವೊಂದಕ್ಕೆ ಪುಟ್ಟ ಕ್ಷುದ್ರಗ್ರಹವೊಂದು ಕಂಡಿತು. ಹೆಸರು 2024 ವೈಆರ್4. ಅಗಲ ಸುಮಾರು 60 ಮೀಟರ್. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯಬಹುದು ಎಂಬ ಲೆಕ್ಕ ಹೊರಬಿತ್ತು. 2025ರ ಫೆಬ್ರವರಿ 18ರಂದು ಆ ಸಾಧ್ಯತೆ ನೂರಕ್ಕೆ 3.1ಕ್ಕೆ ಏರಿತು. ಒಂದು ವಾರದೊಳಗೆ ಹೊಸ ವೀಕ್ಷಣೆಗಳು ಬಂದು, ಭೂಮಿಗೆ ಭಯವಿಲ್ಲ ಅಂತಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟು ಮರೆತರು.

ನಾವು ಮರೆಯಬಾರದು. ಯಾಕೆಂದರೆ ಆ ಲೆಕ್ಕ ಭೂಮಿಯ ಮೇಲೆ ಒಂದು ಗೆರೆ ಎಳೆದಿತ್ತು. ಕಲ್ಲು ಬಿದ್ದರೆ ಆ ಗೆರೆಯ ಮೇಲೆಯೇ ಎಲ್ಲೋ ಬೀಳಬೇಕಿತ್ತು. ಪೂರ್ವ ಪೆಸಿಫಿಕ್‌ನಿಂದ ಹೊರಟು ದಕ್ಷಿಣ ಅಮೆರಿಕದ ಉತ್ತರ ಭಾಗ, ಅಟ್ಲಾಂಟಿಕ್, ಆಫ್ರಿಕ, ಅರಬ್ಬಿ ಸಮುದ್ರ ಹಾದು ಅದು ನಮ್ಮ ದಕ್ಷಿಣ ಏಷ್ಯಾದವರೆಗೂ ಬಂದಿತ್ತು. ಇಡೀ ಭೂಮಿಯ ಹೆಸರಿನಲ್ಲಿ ಹೇಳಿದ ಅಪಾಯ ಅಸಲಿಗೆ ಈ ಗೆರೆಯ ಕೆಳಗಿನ ಜನರದು.

1908ರಲ್ಲಿ ಸೈಬೀರಿಯದ ತುಂಗುಸ್ಕದಲ್ಲಿ ಇಂಥದೊಂದು ಕಲ್ಲು ಆಕಾಶದಲ್ಲೇ ಸಿಡಿದು ಸುಮಾರು 2000 ಚದರ ಕಿಲೋಮೀಟರ್ ಕಾಡು ಮಲಗಿಹೋಯಿತು. ಅದನ್ನು ತಡೆಯುವ ಕೈ ಅಂದು ಯಾರಿಗೂ ಇರಲಿಲ್ಲ. ಗ್ರಹಚಾರ ಅಂದರೂ ನಡೆಯುತ್ತಿತ್ತು. ಆದರೆ 2022ರ ಸೆಪ್ಟೆಂಬರ್ 26ರಂದು ಅಮೆರಿಕದ ನಾಸಾ ಸಂಸ್ಥೆ ಡಾರ್ಟ್ ಎಂಬ ನೌಕೆಯನ್ನು ಡೈಮಾರ್ಫಾಸ್ ಎಂಬ ಕಲ್ಲಿಗೆ ಗುದ್ದಿಸಿತು. ಅದು ತನ್ನ ಜೋಡಿ ಕಲ್ಲನ್ನು ಸುತ್ತುವ ಅವಧಿ ಅರ್ಧ ಗಂಟೆಗೂ ಹೆಚ್ಚು ತಗ್ಗಿತು. ಮನುಷ್ಯನಿಗೆ ಕೈ ಬಂತು. ಕೈ ಬಂದ ಮೇಲೆ ಹಣೆಬರಹದ ಮಾತು ಮುಗಿಯಿತು, ನ್ಯಾಯದ ಮಾತು ಶುರುವಾಯಿತು.

ಹೇಗೆ ಅಂತೀರಾ? ಗುದ್ದಿದರೆ ಕಲ್ಲು ಬರುವ ಹೊತ್ತು ಸ್ವಲ್ಪ ಹಿಂದುಮುಂದಾಗುತ್ತದೆ. ಆಗ ಅದು ಬೀಳುವ ಜಾಗ ಗೆರೆಯುದ್ದಕ್ಕೂ ಸರಿಯುತ್ತದೆ. ಗುದ್ದು ಸಾಕಷ್ಟಿದ್ದರೆ ಕಲ್ಲು ಭೂಮಿಯಂಚು ದಾಟಿ ಹೋಗುತ್ತದೆ. ಸಾಲದಿದ್ದರೆ? ಒಬ್ಬರ ತಲೆ ಮೇಲಿದ್ದದ್ದು ಇನ್ನೊಬ್ಬರ ತಲೆ ಮೇಲೆ ನಿಲ್ಲುತ್ತದೆ. ಆಗ ಅದನ್ನು ಅಲ್ಲಿಗೆ ತಂದದ್ದು ಪ್ರಕೃತಿಯಲ್ಲ, ಮನುಷ್ಯ.

ದೊಡ್ಡ ಊರಿನಿಂದ ಸಣ್ಣ ಹಳ್ಳಿಗೆ ಸರಿಸಿದರೆ ಸಾಯುವವರು ಕಡಿಮೆಯಾಗುತ್ತಾರಲ್ಲ ಎಂದು ಕೇಳಬಹುದು. ಈ ಲೆಕ್ಕ ಸುಳ್ಳಲ್ಲ. ಅದನ್ನು ನಾವು ತಳ್ಳಿಹಾಕುವುದೂ ಇಲ್ಲ. ಆದರೆ ಈ ಲೆಕ್ಕ ನಮಗೆ ಹೊಸದಲ್ಲ. ಅಣೆಕಟ್ಟು ಕಟ್ಟುವಾಗಲೂ ಹತ್ತೂರಿನ ನೀರಿಗಾಗಿ ನಿಮ್ಮೂರು ಮುಳುಗಲಿ ಅಂದಿದ್ದರು. ಲೆಕ್ಕ ಹಾಕಿದವರ ಮನೆ ಮುಳುಗಲಿಲ್ಲ. ಮುಳುಗುವವರನ್ನು ಕೇಳಿದವರಾರು? ಸಣ್ಣ ಹಳ್ಳಿಯವರನ್ನು ಮೊದಲು ಕೇಳಬೇಕು, ಜನ, ದನ, ಕಾಳುಕಡ್ಡಿ ಸಮೇತ ಬೇರೆಡೆ ನೆಲೆ ಕೊಡಬೇಕು, ಆಮೇಲೆ ಗುದ್ದಬೇಕು. ಇಷ್ಟು ಮಾಡದೆ ಹಾಕಿದ ಲೆಕ್ಕ ಬರೀ ಬಲ್ಲಿದರ ಲೆಕ್ಕ.

ವಿಶ್ವಸಂಸ್ಥೆಯ ಒತ್ತಾಸೆಯಿಂದ ಈ ಕೆಲಸಕ್ಕೆ ಒಂದು ಸಲಹಾ ಕೂಟವಿದೆ. ಅಲ್ಲಿ ಕೂರುವವು ಬಾಹ್ಯಾಕಾಶಕ್ಕೆ ದುಡ್ಡು ಹಾಕಬಲ್ಲ ಸಂಸ್ಥೆಗಳು. ಅವರ ವಿಜ್ಞಾನ ನಮಗೆ ಬೇಕು. ಪ್ರತಿ ಶಾಲೆಯ ಹಲಗೆಯ ಮೇಲೂ ಬೇಕು. ಆದರೆ ಗೆರೆಯ ಕೆಳಗೆ ಬದುಕುವವನಿಗೆ ಅಲ್ಲಿ ಮಣೆ ಎಲ್ಲಿದೆ?

ಕಲ್ಲು ಬೇಧ ಮಾಡೋದಿಲ್ಲ, ನಿಜ. ಕಲ್ಲನ್ನು ತಳ್ಳುವ ಕೈ ಮಾಡಬಹುದು. ಇನ್ನೊಂದು ಕಲ್ಲು ಕಾಣಿಸಿಕೊಳ್ಳುವ ಮೊದಲೇ ಆ ಕೈಯನ್ನು ನಾವು ಪ್ರಶ್ನಿಸಬೇಕು.